ಬಿಡ್ತು ಅನ್ನದ ಶನಿವಾರ

ನಮ್ಮ ಮನೆಯಲ್ಲಿ ಕೆಟ್ಟ ಮಾತಿಗೆ ಒಂದೇ ಔಷಧಿ ಇತ್ತು. ಜ್ವರ ಬಂದು ನಾನು "ಇನ್ನು ನಾನು ಉಳಿಯಲ್ಲ" ಎಂದು ನರಳಿದರೆ, ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುವುದಕ್ಕೂ ಮೊದಲು ಅಮ್ಮ "ಬಿಡ್ತು ಅನ್ನು" ಎನ್ನುತ್ತಿದ್ದಳು. ನಾನು "ಬಿಡ್ತು" ಎನ್ನುತ್ತಿದ್ದೆ. ಅಲ್ಲಿಗೆ ಆ ಮಾತು ಆಡಿಯೇ ಇಲ್ಲ ಎಂದಾಯಿತು. ಅದರಲ್ಲೂ ಮುಸ್ಸಂಜೆಯಲ್ಲಿ ಬಾಯಿ ಭದ್ರವಾಗಿರಬೇಕು. ಆ ಹೊತ್ತಿಗೆ ಮನೆಗಳ ಮೇಲೆ ಅಸ್ತು ದೇವತೆಗಳು ಓಡಾಡುತ್ತಾರೆ, ಕೆಳಗೆ ಯಾರು ಏನೇ ಅಂದರೂ ಹಿಂದೆಮುಂದೆ ನೋಡದೆ "ಅಸ್ತು" ಅಂದುಬಿಡುತ್ತಾರೆ. ನಾನೋ ಬಾಯಿಬಡುಕಿ. ಮೈಸೂರಿನ ನಮ್ಮ ಬೀದಿಯಲ್ಲಿ ಅತಿ ಹೆಚ್ಚು ಸಲ ಬಿಡ್ತು ಅಂದವಳು ನಾನೇ ಇರಬೇಕು.

ಐರ್ಲೆಂಡಿಗೆ ಬಂದ ಮೇಲೆ ಈ ದೇವತೆಗಳ ಡ್ಯೂಟಿಯ ಬಗ್ಗೆ ನನಗೆ ನಿಜವಾಗಿಯೂ ಚಿಂತೆ ಹತ್ತಿತು. ಇಲ್ಲಿ ಜೂನ್‌ನಲ್ಲಿ ಮುಸ್ಸಂಜೆ ಆಗುವಷ್ಟರಲ್ಲಿ ನಮ್ಮೂರಿನಲ್ಲಿ ಎಲ್ಲರದೂ ಒಂದು ನಿದ್ದೆ ಆಗಿರುತ್ತದೆ. ನವೆಂಬರ್ ಕೊನೆಯಲ್ಲಿ ನೋಡಿದರೆ ನಾಲ್ಕೂಕಾಲಿಗೇ ಕತ್ತಲು. ಇವರ ಶಿಫ್ಟ್ ಹೇಗೆ ಹಾಕುತ್ತಾರೆ? ನನ್ನ ಛತ್ರಿಯನ್ನೇ ಮೂರು ಸಲ ಮುರಿದ, ನಾನಿರುವ ಗಾಲ್ವೇ ಊರಿನ ಗಾಳಿಯಲ್ಲಿ ಅವರು ನಿಲ್ಲುವುದಾದರೂ ಎಲ್ಲಿ? ಫೋನಿನಲ್ಲಿ ಕೇಳಿದರೆ ಅಮ್ಮ, "ದೇವತೆಗಳ ಹತ್ರ ತಮಾಷೆ ಆಡ್ಬೇಡ, ಬಿಡ್ತು ಅನ್ನು" ಎಂದಳು. ಎಂಟು ಸಾವಿರ ಚಿಲ್ಲರೆ ಕಿಲೋಮೀಟರ್ ದೂರದಿಂದ ನಾನು ಬಿಡ್ತು ಅಂದೆ.

ಒಂದು ವಿಷಯದಲ್ಲಿ ಮಾತ್ರ ಅಮ್ಮ ಆ ಮಾತನ್ನೂ ಬಳಸುತ್ತಿರಲಿಲ್ಲ. ದೇವರ ಮನೆಯ ಪಕ್ಕದ ಗೋಡೆಯಲ್ಲಿ ಚಿಕ್ಕಮ್ಮನ ಫೋಟೋ ಇತ್ತು. ಅಮ್ಮನ ತಂಗಿ, ಎರಡು ಜಡೆ, ನನ್ನದೇ ಮೂಗು. ನನಗೆ ನಾಲ್ಕು ವರ್ಷವಾಗಿದ್ದಾಗ ಹೋದವಳು. "ಹುಷಾರಿರಲಿಲ್ಲ, ಹೋದ್ಲು" ಎನ್ನುವುದಷ್ಟೇ ಗೊತ್ತು. ಏನಾಗಿತ್ತು ಎಂದು ಕೇಳಿದರೆ ಅಮ್ಮ "ಒಗ್ಗರಣೆ ಸೀದೋಯ್ತು" ಎಂದು ಅಡುಗೆಮನೆಗೆ ಓಡುತ್ತಿದ್ದಳು. ಒಲೆಯೇ ಹಚ್ಚಿರದಿದ್ದಾಗಲೂ ಓಡುತ್ತಿದ್ದಳು.

ಈಗ ನನ್ನ ಗೆಳತಿಯ ವಿಷಯ. ತುಮಕೂರಿನವಳು. ಮೇನೂತ್‌ನಲ್ಲಿ ಮಾಸ್ಟರ್ಸ್ ಓದುವಾಗ ಇಬ್ಬರೂ ಒಂದೇ ರೂಮಿನಲ್ಲಿ, ಒಂದೇ ಕುಕ್ಕರಿನಲ್ಲಿ ಒಂದೂವರೆ ವರ್ಷ ಬದುಕಿದವರು. ಅವಳು "ಐತೆ" ಅಂದರೆ ನಾನು ಅಣಕಿಸುವುದು, ನಾನು ಸಾರಿಗೆ ಚೂರು ಬೆಲ್ಲ ಹಾಕಿದರೆ ಅವಳು ಪಾಯಸ ಚೆನ್ನಾಗಿದೆ ಅನ್ನುವುದು, ಹೀಗೆ. ಆಮೇಲೆ ನನಗೆ ಗಾಲ್ವೇಯ ವೈದ್ಯಕೀಯ ಉಪಕರಣದ ಕಂಪನಿಯೊಂದರಲ್ಲಿ ಕ್ವಾಲಿಟಿ ವಿಭಾಗದ ಕೆಲಸ ಸಿಕ್ಕಿತು, ಅವಳಿಗೆ ದೇಶದ ಉತ್ತರ ತುದಿಯ ಲೆಟರ್‌ಕೆನ್ನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಭಾನುವಾರ ಭಾನುವಾರ ಫೋನು. ಅವಳು ಕಡಿಮೆ ಮಾತಿನವಳು, ನಾನು ಇಬ್ಬರ ಪಾಲಿನದನ್ನೂ ಆಡಿಬಿಡುತ್ತೇನೆ.

ಅಂಥ ಒಂದು ಭಾನುವಾರ ನಾನು ಫೋನನ್ನು ಸ್ಪೀಕರಿಗೆ ಹಾಕಿ ದೋಸೆ ಹಿಟ್ಟು ರುಬ್ಬುತ್ತಿದ್ದೆ. ಮಿಕ್ಸಿ ನಿಂತ ಒಂದು ಗಳಿಗೆಯಲ್ಲಿ ಅವಳು, "ಒಂದಿನ ಬೆಳಗ್ಗೆ ಏಳದೇ ಇದ್ಬಿಟ್ರೆ ಚೆನ್ನಾಗಿರತ್ತೆ ಅನ್ಸತ್ತೆ ಕಣೇ" ಅಂದಳು.

"ಥೂ, ಬಿಡ್ತು ಅನ್ನು" ಅಂದೆ ನಾನು.

ಸ್ವಲ್ಪ ಹೊತ್ತು ಬಿಟ್ಟು ಅವಳು "ಬಿಡ್ತು" ಅಂದಳು.

ನಾನು ಮತ್ತೆ ಮಿಕ್ಸಿ ಹಾಕಿದೆ. ಜಾರಿನ ಬ್ಲೇಡು ಸವೆದಿರುವುದರ ಬಗ್ಗೆ ಸುಮಾರು ಹತ್ತು ನಿಮಿಷ ಮಾತಾಡಿದೆ ಎಂದು ನೆನಪು. ಆಮೇಲಿನ ದಿನಗಳಲ್ಲಿ ಅವಳಿಗೆ ಹೇಗಿದ್ದೀಯೆ ಎಂದು ಮೆಸೇಜು ಹಾಕಿದರೆ "ಗ್ರ್ಯಾಂಡ್" ಎಂದು ಬರುತ್ತಿತ್ತು. ಐರ್ಲೆಂಡಿನಲ್ಲಿ ಗ್ರ್ಯಾಂಡ್ ಎಂದರೆ ಭರ್ಜರಿ ಅಂತಲ್ಲ, ಪರವಾಗಿಲ್ಲ ಅಂತ. ಕಾಲು ಮುರಿದವನೂ ಇಲ್ಲಿ ಗ್ರ್ಯಾಂಡ್. ನಾನೂ ಸರಿ ಬಿಡು ಅಂದುಕೊಂಡೆ.

ಅದಾಗಿ ಹನ್ನೆರಡನೇ ದಿನಕ್ಕೆ, ಶುಕ್ರವಾರ, ಕಂಪನಿಯಲ್ಲಿ ಅರ್ಧ ದಿನದ ಒಂದು ತರಬೇತಿ. ಜೊತೆಗಿರುವವರು ಸಾಯುವ ಯೋಚನೆಯಲ್ಲಿದ್ದರೆ ಗುರುತಿಸುವುದು ಹೇಗೆ, ಮಾತಾಡಿಸುವುದು ಹೇಗೆ ಎಂಬುದರ ಬಗ್ಗೆ. ನಾನು ಹೆಸರು ಕೊಟ್ಟಿದ್ದು ಸಮಾಜಸೇವೆಯ ಆಸೆಯಿಂದಲ್ಲ. ಅದೇ ಹೊತ್ತಿಗೆ ಒಂದು ಆಡಿಟ್ ಮೀಟಿಂಗ್ ಇತ್ತು, ಇಲ್ಲಿ ಸೂಪು ಮತ್ತು ಸ್ಯಾಂಡ್‌ವಿಚ್ ಇತ್ತು. ಹೇಳಿಕೊಡಲು ಬಂದವರು ಆರಡಿ ಮೀರಿದ ಒಬ್ಬ ಅಜ್ಜ, ಕುರಿ ಸಾಕುವವರು, ಸ್ವೆಟರಿನ ಮೊಣಕೈಯಲ್ಲಿ ತೂತು. ಅವರು ಹೇಳಿದ್ದು ಇಷ್ಟೇ: ಸುತ್ತಿ ಬಳಸಬೇಡಿ. ಸಾಯೋ ಯೋಚನೆ ಬರ್ತಿದೆಯಾ ಅಂತ ಅದೇ ಮಾತಲ್ಲಿ ಕೇಳಿ. ಕೇಳಿದ್ದಕ್ಕೆ ಇಲ್ಲದ ಯೋಚನೆ ಹುಟ್ಟಲ್ಲ, ಇದ್ರೆ ಅವರಿಗೆ ಹೇಳ್ಕೊಳ್ಳೋಕೆ ದಾರಿ ಆಗತ್ತೆ. ಹೌದು ಅಂದ್ರೆ ವಾದ ಮಾಡಬೇಡಿ, ಬುದ್ಧಿ ಹೇಳಬೇಡಿ, ಕೂತು ಕೇಳಿ, ಒಬ್ಬರನ್ನೇ ಬಿಡಬೇಡಿ, ಡಾಕ್ಟರ ಹತ್ರ ಜೊತೆಗೆ ಹೋಗಿ.

ಆಮೇಲೆ ಇಬ್ಬಿಬ್ಬರಾಗಿ ಅಭ್ಯಾಸ. ನನಗೆ ಜೋಡಿಯಾದವನು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು. ಅವನು ಆ ಪ್ರಶ್ನೆ ಕೇಳುವಷ್ಟರಲ್ಲಿ ಟೊಮೆಟೊ ಸೂಪಿನ ಬಣ್ಣಕ್ಕೆ ತಿರುಗಿದ. ನಾನು ಇಂಗ್ಲಿಷಿನಲ್ಲಿ ಬಸ್ಸಿನ ಟೈಮು ಕೇಳಿದಷ್ಟು ಸಲೀಸಾಗಿ ಕೇಳಿದೆ. ಅಜ್ಜ ಬೆನ್ನು ತಟ್ಟಿದರು. ಬಾಯಿಬಡುಕತನಕ್ಕೆ ಜೀವನದಲ್ಲಿ ಮೊದಲ ಸಲ ಶಹಬಾಸ್‌ಗಿರಿ ಸಿಕ್ಕಿತು ಎಂದು ಉಬ್ಬಿ, ಎರಡನೇ ಸ್ಯಾಂಡ್‌ವಿಚ್ ಎತ್ತಿಕೊಂಡು, ಇದನ್ನೇ ಕನ್ನಡದಲ್ಲಿ ಹೇಗೆ ಕೇಳುವುದು ಎಂದು ಮನಸ್ಸಿನಲ್ಲೇ ಹೇಳಿನೋಡಿದೆ. ನಾಲಿಗೆ ಏಳಲಿಲ್ಲ. ಪ್ರಶ್ನೆಯ ಬದಲು ಬಂದದ್ದು ಆ ಇನ್ನೊಂದು ಮಾತು. ಬಿಡ್ತು ಅನ್ನು.

ಅಲ್ಲಿಯೇ ಮಿಕ್ಸಿಯ ಸದ್ದು ನಿಂತಂತಾಯಿತು. ಅವಳು ಹೇಳಿದ್ದು, ಸ್ವಲ್ಪ ಹೊತ್ತು ಸುಮ್ಮನಿದ್ದದ್ದು, "ಬಿಡ್ತು" ಅಂದದ್ದು. ಅವಳು ಬಾಗಿಲಿಗೆ ಬಂದಿದ್ದಳು, ನಾನು ಚಿಲಕ ಹಾಕಿ, ಹಾಕಿದ್ದು ಸರಿಯಾಗಿದೆಯಾ ಎಂದು ಅವಳ ಕೈಯಿಂದಲೇ ಎಳೆದು ನೋಡಿಸಿದ್ದೆ. ತಕ್ಷಣ ಫೋನ್ ಮಾಡಿದೆ. "ಮೀಟಿಂಗಲ್ಲಿದೀನಿ, ಗ್ರ್ಯಾಂಡ್, ಆಮೇಲೆ ಮಾಡ್ತೀನಿ" ಅಂದಳು. ದನಿ ಕೇಳಿದ್ದೇ ದೊಡ್ಡದಾಯಿತು. ತರಬೇತಿ ಮುಗಿಯುವಷ್ಟರಲ್ಲಿ ಅವಳೂರಿನ ಕೊನೆಯ ಬಸ್ಸು ಹೋಗಿಯಾಗಿತ್ತು. ರಾತ್ರಿ ಅವಳು ಮಲಗುವವರೆಗೂ ಮೆಸೇಜು ಹಾಕಿ ಹಾಕಿ ತಲೆ ತಿಂದೆ.

ಶನಿವಾರ ಬಸ್ಸಿಗೆ ಹತ್ತುವಾಗ ನನ್ನ ಬ್ಯಾಗಿನಲ್ಲಿ ಕಾಫಿ ಫಿಲ್ಟರು, ಅಮ್ಮ ಕಳಿಸಿದ ಚಟ್ನಿಪುಡಿ, ಸಾಸಿವೆ, ಕಡಲೆಬೇಳೆ, ಒಂದು ನಿಂಬೆಹಣ್ಣು ಇದ್ದವು. ಹಾಕಿಕೊಳ್ಳಲು ಬಟ್ಟೆ ತುಂಬಿಕೊಳ್ಳುವುದನ್ನು ಮರೆತಿದ್ದೆ. ಗಾಲ್ವೇಯಿಂದ ಲೆಟರ್‌ಕೆನ್ನಿಗೆ ನಾಲ್ಕು ಗಂಟೆಗೂ ಮೇಲೆ. ಅಷ್ಟೂ ಹೊತ್ತು ಕನ್ನಡದ ವಾಕ್ಯ ಹುಡುಕಿದೆ. "ನಿನಗೆ ಆತ್ಮಹತ್ಯೆಯ ಯೋಚನೆ ಇದೆಯೇ" ಎಂದರೆ ಟೀವಿಯಲ್ಲಿ ವಾರ್ತೆ ಓದಿದ ಹಾಗಾಗುತ್ತದೆ. "ಜೀವ ಕಳ್ಕೋಬೇಕು ಅಂತ" ಎಂದರೆ ನಾಟಕ. "ಏನಾದ್ರೂ ಮಾಡ್ಕೋಬೇಕು ಅನ್ಸತ್ತಾ" ಎನ್ನುವುದು ಬಾಯಿಗೆ ತಾನಾಗಿ ಬಂತು, ಆದರೆ ಅದೇ ಅಲ್ಲವೇ ಅಜ್ಜ ಹೇಳಿದ ಸುತ್ತು ಬಳಸು? ನಮ್ಮ ಕಡೆ ಯಾರೂ ಸಾಯುವುದೇ ಇಲ್ಲ, "ಏನೋ ಮಾಡ್ಕೊಂಡ್ಬಿಡ್ತಾರೆ" ಅಷ್ಟೇ.

ಪಕ್ಕದ ಸೀಟಿನ ಅಜ್ಜಿ ನನ್ನ ಗೊಣಗಾಟ ನೋಡಿ ಪುದೀನ ಪೆಪ್ಪರಮಿಂಟು ಕೊಟ್ಟರು. ಪ್ರಾರ್ಥನೆಯಾ ಎಂದು ಕೇಳಿದರು. ಇಂಟರ್‌ವ್ಯೂ ಎಂದೆ. "ಹಾಗಾದ್ರೆ ನೀನು ಗ್ರ್ಯಾಂಡ್, ಮೊದಲು ಏನಾದ್ರೂ ತಿನ್ನು" ಎಂದು ಇನ್ನೆರಡು ಕೊಟ್ಟು, ಸ್ಲೈಗೋದಲ್ಲಿ ಇಳಿಯುವಾಗ ನನಗಾಗಿ ಮೇಣದಬತ್ತಿ ಹಚ್ಚುವುದಾಗಿ ಹೇಳಿ ಹೋದರು. ಆಗಲೇ ಗೆಳತಿಗೆ "ಬರ್ತಿದೀನಿ, ಅರ್ಧ ದಾರಿ ಬಂದಾಯ್ತು" ಎಂದು ಮೆಸೇಜು ಹಾಕಿದ್ದು. ಬೇಡ ಅನ್ನಲು ಅವಕಾಶ ಕೊಡಬಾರದು ಎಂಬ ಕುತಂತ್ರ.

ಬಾಗಿಲು ತೆಗೆದವಳ ಕೂದಲಿಗೆ ಬಾಚಣಿಗೆ ತಾಗಿ ವಾರವಾಗಿರಬೇಕು. ಸಿಂಕಿನಲ್ಲಿ ಬರೀ ಚಮಚ ಮತ್ತು ಬಟ್ಟಲು. ಮೂರು ಹೊತ್ತೂ ಕಾರ್ನ್‌ಫ್ಲೇಕ್ಸ್ ತಿಂದ ಕುರುಹು. "ಯಾಕೆ ಬಂದೆ?" ಅಂದಳು. "ನಿನ್ನ ಫ್ರಿಜ್ ತೊಳೆಯಕ್ಕೆ" ಅಂದೆ. ಮತ್ತು ತೊಳೆದೆ. ಧೈರ್ಯ ಸಾಲದಾದಾಗ ನಾನು ಕೆಲಸ ಮಾಡುತ್ತೇನೆ, ಕೆಲಸ ಮಾಡುತ್ತಾ ಮಾತಾಡುತ್ತೇನೆ. ಬಸ್ಸಿನ ಅಜ್ಜಿಯ ಬಗ್ಗೆ, ನನ್ನ ಮ್ಯಾನೇಜರಿನ ಹೊಸ ಮೀಸೆಯ ಬಗ್ಗೆ, ಅವಳ ಪಕ್ಕದ ಮನೆಯ ನಾಯಿಯ ಬಗ್ಗೆ. ಪ್ರತಿ ವಾಕ್ಯದ ಕೊನೆಗೂ ಈಗ ಕೇಳುತ್ತೇನೆ ಎಂದುಕೊಳ್ಳುವುದು, ಕೇಳದಿರುವುದು. ಫ್ರಿಜ್ ಆಯಿತು, ಓವನ್ ಆಯಿತು. ಚಿತ್ರಾನ್ನ ಮಾಡುತ್ತೇನೆಂದು ಬಾಣಲೆ ಇಟ್ಟು ಕಿಟಕಿ ನೋಡಿದರೆ ಹೊರಗೆ ಬೆಳಕು ಕಂದುತ್ತಿದೆ. ಗಡಿಯಾರದಲ್ಲಿ ನಾಲ್ಕೂಕಾಲು. ಇಡೀ ಮಧ್ಯಾಹ್ನ ಹಾಳು ಮಾಡಿ ಸರಿಯಾಗಿ ಮುಸ್ಸಂಜೆಗೆ ತಂದು ನಿಲ್ಲಿಸಿದ್ದೆ.

ಇನ್ನೂ ತಡ ಮಾಡಿದರೆ ನಾನು ಅವಳ ಬಚ್ಚಲನ್ನೂ ತೊಳೆದು ವಾಪಸ್ ಬಸ್ ಹತ್ತುತ್ತೇನೆ ಎಂದು ಗೊತ್ತಿತ್ತು. ಹಾಗಾಗಿ ಒಂದು ಉಪಾಯ ಮಾಡಿದೆ. ಈಗ ಹೇಳಲು ನಾಚಿಕೆ, ಆದರೆ ಮಾಡಿದ್ದು ನಿಜ. ಒಲೆಯ ಮೇಲಿನ ಫ್ಯಾನು ಜೋರಾಗಿ ಹಾಕಿದೆ, ಎಣ್ಣೆ ಚೆನ್ನಾಗಿ ಕಾಯಿಸಿ ಒಂದು ಹಿಡಿ ಸಾಸಿವೆ ಸುರಿದೆ, ಅದು ಚಟಪಟ ಸಿಡಿಯುವ ಗದ್ದಲದಲ್ಲಿ, ದೇವತೆಗಳಿಗೆ ಕೇಳಿಸದಿರಲಿ ಎಂದು, ಬಾಣಲೆಗೆ ಮುಖ ಮಾಡಿಕೊಂಡೇ ಕೇಳಿದೆ.

"ನಿಂಗೆ ಸಾಯ್ಬೇಕು ಅನ್ನೋ ಯೋಚನೆ ಇದ್ಯಾ?"

ಸ್ಮೋಕ್ ಅಲಾರಂ ಹೊಡೆದುಕೊಂಡಿತು.

ಒಗ್ಗರಣೆ ಹಾಕುವವರಿಗೆಲ್ಲ ಈ ದೇಶದಲ್ಲಿ ಆ ಅಲಾರಂನ ಪರಿಚಯ ಇರುತ್ತದೆ. ಆದರೆ ಅವತ್ತಿನಂತೆ ಅದು ಯಾವತ್ತೂ ಕಿರುಚಿರಲಿಲ್ಲ. ನಾನು ಬಾಣಲೆ ಎತ್ತಿ ಹಿಂಬಾಗಿಲಿಗೆ ಓಡಿದೆ. ಅವಳು ಕುರ್ಚಿ ಎಳೆದು, ಹತ್ತಿ ನಿಂತು, ಪಾತ್ರೆ ಒರೆಸುವ ಬಟ್ಟೆ ಬೀಸತೊಡಗಿದಳು. ನಾನು ಒಳಗೆ ಬಂದು ಇನ್ನೊಂದು ಬಟ್ಟೆ ಹಿಡಿದು ಕೆಳಗಿನಿಂದ ಬೀಸಿದೆ. ಇಬ್ಬರಿಗೂ ಕೆಮ್ಮು, ಕಣ್ಣಲ್ಲಿ ನೀರು. ಪಕ್ಕದ ಮನೆಯ ನಾಯಿ ಬೇರೆ ದನಿಗೂಡಿಸಿತು. ಎರಡು ನಿಮಿಷ ಇರಬಹುದು. ಅಲಾರಂ ಥಟ್ಟನೆ ನಿಂತಿತು.

ಅವಳು ಕುರ್ಚಿಯ ಮೇಲೆ ನಿಂತೇ, ಬಟ್ಟೆ ಕೈಯಲ್ಲಿ ಹಿಡಿದೇ, "ಹೂಂ. ಐತೆ" ಅಂದಳು.

ಆ ಮಾತು ನನ್ನ ಗಂಟಲಿನವರೆಗೆ ಬಂತು. ಥೂ ಎನ್ನುವುದರ ಸಮೇತ ಬಂತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಅದಕ್ಕಾಗಿಯೇ ಕಾಯುತ್ತಿದ್ದಳು. ಕಟ್ಟೆಯ ಮೇಲೆ ಹರಡಿಟ್ಟಿದ್ದ ಅನ್ನವನ್ನು ಒಂದು ಹಿಡಿ ತೆಗೆದು ಬಾಯಿಗೆ ತುರುಕಿಕೊಂಡೆ. ಉಪ್ಪಿಲ್ಲದ ಬರೀ ಅನ್ನ. ಅಗಿದು ನುಂಗುವಷ್ಟು ಹೊತ್ತು ಸಿಕ್ಕಿತು. ಆಮೇಲೆ, "ಕೆಳಗಿಳಿ. ಕೂತ್ಕೊಂಡು ಹೇಳು" ಅಂದೆ.

ಹೇಳಿದಳು. ಒಲೆಯ ಮುಂದೆ ನೆಲದ ಮೇಲೆಯೇ ಕೂತೆವು. "ಬೇಜಾರಲ್ಲ ಕಣೇ. ಬೇಜಾರಾದ್ರೆ ಅಳು ಬರತ್ತೆ, ಅತ್ರೆ ಹಗುರ ಆಗತ್ತೆ. ಇದ್ರಲ್ಲಿ ಏನೂ ಇಲ್ಲ. ಬ್ರಷ್ ಕೈಗೆ ತಗೊಂಡು ಅರ್ಧ ಗಂಟೆ ನಿಂತಿರ್ತೀನಿ. ಆಫೀಸಲ್ಲಿ ಎಲ್ಲ ಮಾಡ್ತೀನಿ, ಯಾರಿಗೂ ಗೊತ್ತಾಗಲ್ಲ. ಸಾಯೋಕೆ ಆಸೆ ಅಂತಲ್ಲ, ಇದು ನಿಂತ್ರೆ ಸಾಕು ಅಂತ." ಅಜ್ಜ ಹೇಳಿಕೊಟ್ಟಿದ್ದ ಮುಂದಿನ ಪ್ರಶ್ನೆಗಳನ್ನೂ ಕೇಳಿದೆ. ಉತ್ತರ ಕೊಟ್ಟಳು. ಅವು ಅವಳವು, ಇಲ್ಲಿ ಬರೆಯುವುದಿಲ್ಲ. ಒಂದನ್ನು ಮಾತ್ರ ಬರೆಯಬೇಕು. "ನಿಂಗೆ ಹೇಳಕ್ಕೆ ನೋಡಿದ್ದೆ. ಬಿಡ್ತು ಅನ್ನು ಅಂದೆ. ಸರಿ, ಇದನ್ನ ಯಾರಿಗೂ ಹೇಳೋ ಹಾಗಿಲ್ಲ ಅಂದ್ಕೊಂಡೆ."

"ತಪ್ಪಾಯ್ತು ಕಣೇ" ಅಂದೆ. ಅಷ್ಟು ಹೊತ್ತಿನಲ್ಲಿ ನಾನಾಡಿದ ಅತಿ ಚಿಕ್ಕ ಮಾತು ಅದು. ಆಗ ಅವಳು ಅತ್ತಳು, ಅಳು ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಗಿ ಮೂಗು ಒರೆಸಿಕೊಳ್ಳುತ್ತಾ, "ಅಯ್ಯೋ, ಹೊಗೆಗೆ ಇರ್ಬೇಕು" ಅಂದಳು. ಅದಕ್ಕೆ ನಾನು ನಕ್ಕೆ. ಅವಳೂ ನಕ್ಕಳು. ಹೊರಗಿಟ್ಟ ಬಾಣಲೆ ತಂದು, ಕಪ್ಪಗಾದ ಸಾಸಿವೆಗೆ ಕಡಲೆಬೇಳೆ, ಅನ್ನ ಕಲಸಿ, ನಿಂಬೆಹಣ್ಣು ಹಿಂಡಿ, ಇಬ್ಬರೂ ಅದೇ ಬಾಣಲೆಯಿಂದ ತಿಂದೆವು. ಜೀವನದಲ್ಲಿ ಮಾಡಿದ ಅತಿ ಕೆಟ್ಟ ಚಿತ್ರಾನ್ನ, ತಳ ಕೆರೆದು ತಿಂದೆವು. ನನಗೆ ಮದ್ಯ ಕುಡಿದು ಗೊತ್ತಿಲ್ಲ, ಆದರೆ ಕುಡಿದವರ ತಲೆ ಹಾಗೇ ಹಗುರವಾಗುತ್ತದೇನೋ. ಅವಳು ಎದುರಿಗೆ ಕೂತಿದ್ದಳು, ಕಡಲೆಬೇಳೆ ಕಲ್ಲಿನ ಹಾಗಿದೆ ಎಂದು ದೂರುತ್ತಿದ್ದಳು, ನನಗೆ ಕುಣಿಯುವಷ್ಟು ಖುಷಿ.

ವಾರಾಂತ್ಯಕ್ಕೂ ಸಿಗುವ ಡಾಕ್ಟರಿಗೆ ಫೋನ್ ಮಾಡಿದೆವು. ಏಳು ಗಂಟೆಗೆ ಬನ್ನಿ ಎಂದರು. ಕಾಯುವ ಕೋಣೆಯಲ್ಲಿ ಕೂತಾಗ ಇಬ್ಬರ ಮೈಯಿಂದಲೂ ಸೀದ ಒಗ್ಗರಣೆಯ ವಾಸನೆ. ಅವಳು ಗಡಿಬಿಡಿಯಲ್ಲಿ ಬಲಗಾಲಿಗೆ ಶೂ, ಎಡಗಾಲಿಗೆ ಮನೆಯ ಚಪ್ಪಲಿ ಹಾಕಿಕೊಂಡು ಬಂದಿದ್ದು ಅಲ್ಲಿ ಗೊತ್ತಾಗಿ ನಗು ತಡೆಯಲಾಗಲಿಲ್ಲ. ಎದುರಿಗೆ ಕೂತ ಕೈಮುರಿದವನು ನಮ್ಮನ್ನು ನೋಡಿ, ನಮಗೆ ಯಾವ ಕಾಯಿಲೆಯೂ ಇರಲಾರದು ಎಂಬಂತೆ ಮುಖ ಸಿಂಡರಿಸಿದ. ಒಳಗೆ ಡಾಕ್ಟರ್, ನಮ್ಮದೇ ವಯಸ್ಸಿನ ಹೆಂಗಸು, ಯಾವುದಾದರೂ ಔಷಧಿ ಆಗುವುದಿಲ್ಲವೇ ಎಂದು ಕೇಳಿದರು, ನಿದ್ದೆ ಹೇಗೆ ಎಂದು ಕೇಳಿದರು, ಪೆನ್ನಿನ ಮುಚ್ಚಳ ತೆಗೆಯುತ್ತಾ ಅದೇ ದನಿಯಲ್ಲಿ ಆ ಪ್ರಶ್ನೆಯನ್ನೂ ಕೇಳಿದರು. ನಾನು ನಾಲ್ಕು ಗಂಟೆ ಬಸ್ಸಿನಲ್ಲಿ ಒದ್ದಾಡಿದ ಪ್ರಶ್ನೆ. ಗೆಳತಿ ನನ್ನ ಕಡೆ ತಿರುಗಿ, "ನೋಡು, ಸಾಸಿವೆ ಇಲ್ದೇನೇ ಕೇಳಿದ್ರು" ಅಂದಳು.

ನಾನು ಅಲ್ಲಿ ಒಂಬತ್ತು ದಿನ ಇದ್ದೆ, ಅವಳ ಬಟ್ಟೆ ಹಾಕಿಕೊಂಡು, ಅವಳ ಊಟದ ಮೇಜಿನಿಂದ ನನ್ನ ಆಫೀಸಿನ ಕೆಲಸ ಮಾಡುತ್ತಾ. ಒಂದೇ ಸಲಕ್ಕೆ ಎಲ್ಲ ಸರಿಹೋಯಿತು ಅಂತೇನಿಲ್ಲ. ಮಾತ್ರೆಗೆ ಬಾಯಿ ಒಣಗುತ್ತದೆ ಎಂದು ಗೊಣಗಿದಳು, ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ, ಕೌನ್ಸೆಲಿಂಗ್‌ಗೆ ಹೋಗಿ ಬಂದು ಏನೂ ಪ್ರಯೋಜನ ಇಲ್ಲ ಅಂದಳು, ಮುಂದಿನ ವಾರ ಮತ್ತೆ ಹೋದಳು. ನಾನು ದಿನಕ್ಕೊಂದು ಸಲ ಅದೇ ಪ್ರಶ್ನೆ ಕೇಳುತ್ತಿದ್ದೆ, ಅವಳು ಇವತ್ತು ಇದೆ, ಇವತ್ತು ಸ್ವಲ್ಪ ಕಡಿಮೆ ಎಂದು ಹೇಳುತ್ತಿದ್ದಳು. ಬರಬರುತ್ತಾ ಅದು ಕಾಫಿಗೆ ಸಕ್ಕರೆ ಎಷ್ಟು ಅಂದ ಹಾಗಾಯಿತು. ಈಗಲೂ ಭಾನುವಾರ ಕೇಳುತ್ತೇನೆ. ಈಚೆಗೆ ಅವಳು "ಇಲ್ಲ, ನಿನ್ನ ಸಾರಿನ ಬೆಲ್ಲ ನೆನಪಾದಾಗ ಮಾತ್ರ" ಎನ್ನುತ್ತಾಳೆ.

ಹೇಳಬೇಕಾದ್ದು ಇನ್ನೊಂದು ಇದೆ. ಆ ಒಂಬತ್ತು ದಿನಗಳ ಕೊನೆಯಲ್ಲಿ, ಭಾನುವಾರ ಮಧ್ಯಾಹ್ನ, ಅಮ್ಮ ಫೋನ್ ಮಾಡಿದಳು. ಇಷ್ಟು ದಿನ ಗೆಳತಿಯ ಮನೆಯಲ್ಲಿ ಏನು ಮಾಡುತ್ತಿದ್ದೀಯ ಎಂದು ಕೇಳಿದಳು. ನಾನು ಗೆಳತಿಯ ಮುಖ ನೋಡಿದೆ. "ಹೇಳು, ಪರವಾಗಿಲ್ಲ" ಅಂದಳು. ಹೇಳಿದೆ. ಫ್ರಿಜ್ ತೊಳೆದಿದ್ದು, ಸಾಸಿವೆ, ಅಲಾರಂ, ಕುರ್ಚಿ, ಎಲ್ಲ. ನನಗೆ ನಗಿಸದೆ ಹೇಳಲು ಬರುವುದಿಲ್ಲ. ಅಮ್ಮ ನಗಲಿಲ್ಲ. ಪ್ರಶ್ನೆ ಯಾವುದೆಂದು ಹೇಳುತ್ತಿದ್ದಂತೆ, "ದೀಪ ಹಚ್ಚೋ ಹೊತ್ತಲ್ಲಿ ಎಂಥಾ ಮಾತೇ ಅದು. ಬಿಡ್ತು ಅನ್ನು" ಅಂದಳು. ಹೌದು, ನಮಗೆ ಮಧ್ಯಾಹ್ನ ಹನ್ನೆರಡೂವರೆ ಎಂದರೆ ಮೈಸೂರಿನಲ್ಲಿ ಸಂಜೆ ಆರು.

"ಇಲ್ಲಮ್ಮ. ಇದಕ್ಕೆ ಅನ್ನಲ್ಲ" ಅಂದೆ. ಮೂವತ್ತು ದಾಟಿದ ವಯಸ್ಸಿನಲ್ಲಿ ಮೊದಲ ಸಲ.

ಒಗ್ಗರಣೆ ಸೀದೋಯ್ತು ಎಂದು ಹೊರಡುತ್ತಾಳೆ ಎಂದುಕೊಂಡೆ. ಹೊರಡಲಿಲ್ಲ.

"ಹಾಗೆ ನೇರವಾಗಿ ಕೇಳಿದ್ಯಾ?"

"ಹೂಂನಮ್ಮ."

"ಕೇಳಿದ್ರೆ ಹೇಳ್ತಾರಾ?"

"ಎಲ್ರೂ ಹೇಳ್ತಾರೋ ಗೊತ್ತಿಲ್ಲ. ಇವಳು ಹೇಳಿದ್ಲು."

ಆಮೇಲೆ ಹೊರಟ ದನಿ ನನ್ನ ಅಮ್ಮನದಲ್ಲ, ಯಾರೋ ಚಿಕ್ಕ ಹುಡುಗಿಯದು. "ಅವಳೂ ಒಂದಿನ ಹೂವು ಕಟ್ತಾ ಏನೋ ಹೇಳಕ್ಕೆ ಬಂದಿದ್ಲು. ನಾನು ಬಿಡ್ತು ಅನ್ನು ಅಂದೆ. ಅಂದ್ಲು."

ಅವಳು ಎಂದರೆ ಯಾರು ಎಂದು ಕೇಳಬೇಕಾಗಿರಲಿಲ್ಲ, ಗೋಡೆಯ ಫೋಟೋದ ಎರಡು ಜಡೆಯ ಚಿಕ್ಕಮ್ಮ. ನಿನ್ನ ತಪ್ಪಲ್ಲಮ್ಮ, ನಿನಗೆ ಯಾರು ಹೇಳಿಕೊಟ್ಟಿದ್ದರು ಎಂದು ಆಮೇಲೆ ಹೇಳಿದೆ, ಎಷ್ಟೋ ಸಲ ಹೇಳಿದ್ದೇನೆ. ಆಗ ಮಾತ್ರ ತೋಚಲಿಲ್ಲ. ಎದುರಿಗೆ ಕೂತಿದ್ದ ಗೆಳತಿ ಮೇಜಿನ ಮೇಲಿದ್ದ ಫೋನನ್ನು ನನ್ನ ಕಡೆ ಒಂದು ಗೇಣು ಸರಿಸಿ, "ಕೇಳು" ಎಂದು ತುಟಿಯಲ್ಲೇ ಅಂದಳು.

"ಏನು ಹೇಳಕ್ಕೆ ಬಂದಿದ್ಲಮ್ಮ?" ಅಂದೆ.

ಆ ಕಡೆ ಅಮ್ಮ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು. ಅವತ್ತು ಅಮ್ಮ ಹೇಳಿ ಮುಗಿಸಿ ಮೈಸೂರಿನ ನಮ್ಮ ಮನೆಯಲ್ಲಿ ದೀಪ ಹಚ್ಚುವಾಗ ಏಳೂವರೆಯಾಗಿತ್ತು.